ಎಡಗಡೆಯ ಮಗು

ಹೋದ ವಾರ ಮಂಡಿ ನೋವಿನ ಮಾತ್ರೆ ತರೋಕೆ ಅತ್ತಿಗುಪ್ಪೆಗೆ ಹೋಗಿದ್ದೆ. ಮೆಟ್ರೋ ಸ್ಟೇಷನ್ ಹಿಂದಿನ ಅಡ್ಡರಸ್ತೇಲಿ ವಾಪಸ್ ಬರ್ತಾ ಇದ್ದಾಗ ಮೂಗಿಗೆ ಸಾಂಬ್ರಾಣಿ ಹೊಗೆ ಬಡೀತು. ದೇವರಿಗೆ ಹಾಕಿದ್ದಲ್ಲ. ಸಾಂಬ್ರಾಣಿ ಜೊತೆ ಬಿಸಿನೀರು, ಕಡಲೆಹಿಟ್ಟು, ಎಣ್ಣೆ ಸೇರಿದರೆ ಒಂದು ವಾಸನೆ ಬರುತ್ತೆ. ಅದು ಮಗೂಗೆ ನೀರು ಹಾಕಿದ ಮನೆಯ ವಾಸನೆ. ತಲೆ ಎತ್ತಿ ನೋಡಿದೆ. ಸಾವಿತ್ರಮ್ಮೋರ ಮನೆ. ಮೇಲಿನ ಕಿಟಕಿಯಿಂದ ಹೊಗೆ ಬರ್ತಿತ್ತು, ಗ್ರಿಲ್ಲಿಗೆ ಪುಟ್ಟ ಪುಟ್ಟ ಬಟ್ಟೆ ನೇತಾಡ್ತಿದ್ದವು. ಅವರ ಮಗಳು ಶ್ರುತಿಗೆ ಎರಡನೇದು ಆಗಿದೆ ಅಂತ ನನಗೆ ಗೊತ್ತಾಗಿದ್ದೇ ಆಗ. ಯಾರೋ ಬೇರೆಯವರು ನೀರು ಹಾಕ್ತಿದ್ದಾರೆ. ಹೊಗೆ ಜಾಸ್ತಿ ಹಾಕಿದ್ದರು, ಅಷ್ಟಾದರೆ ಮಗು ಕೆಮ್ಮುತ್ತೆ. ಮೇಲೆ ಹೋಗಿ ಹೇಳೋಕೆ ನಾನು ಯಾರು? ಮಾತ್ರೆ ಹಿಡ್ಕೊಂಡು ಬಂದೆ. ದಾರಿ ಉದ್ದಕ್ಕೂ ಆ ಮಳೆಗಾಲವೇ ತಲೇಲಿ ಕೂತಿತ್ತು, ಅದಕ್ಕೇ ಹೇಳ್ತಾ ಇದ್ದೀನಿ.

ನನ್ನ ಹೆಸರು ನಂಜಮ್ಮ. ಮಾರೇನಹಳ್ಳೀಲಿ ಇದ್ದೀನಿ. ಬಾಣಂತಿ ಮನೆಗಳಿಗೆ ಹೋಗಿ ಮಗೂಗೆ ಎಣ್ಣೆ ಒತ್ತಿ ನೀರು ಹಾಕೋದು ನನ್ನ ಕೆಲಸ. ನಮ್ಮತ್ತೆ ಮಾಡ್ತಿದ್ದರು, ಅವರಿಂದ ನನಗೆ ಬಂತು. ಮಣೆ ಮೇಲೆ ಕೂತು, ಸೀರೆ ಮಂಡಿವರೆಗೂ ಎತ್ತಿ, ಎರಡೂ ಕಾಲು ನೀಡಿ, ಮಗೂನ ಕಾಲ ಮೇಲೆ ಮಲಗಿಸಿಕೊಳ್ಳಬೇಕು. ಕೈಯಲ್ಲಿ ಬಿಸಿ ನೋಡಿ ನೀರು ಹುಯ್ಯಬೇಕು. ಕಿವಿಗೆ ಹೋಗಬಾರದು. ಒರೆಸಿ, ಹೊಗೆ ತೋರಿಸಿ, ಕೆನ್ನೆಗೊಂದು ದೃಷ್ಟಿ ಬೊಟ್ಟಿಟ್ಟು, ಬಟ್ಟೇಲಿ ಸುತ್ತಿ ಅಮ್ಮನ ಕೈಗೆ ಕೊಟ್ಟರೆ ಆಯ್ತು. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಮಗು ಅತ್ತರೆ ಹೆದರಬಾರದು, ಅಷ್ಟೇ. ಮೊದಲ ಕೆಲವು ತಿಂಗಳು ಹೀಗೆ ದಿನಾ ನಡೆಯುತ್ತೆ. ಮಗು ಕತ್ತು ನಿಲ್ಲಿಸಿ ಗಟ್ಟಿಯಾದ ಮೇಲೆ ಒಂದು ಒಳ್ಳೇ ದಿನ ನೋಡಿ ಕೊನೇ ನೀರು ಹಾಕಿಸ್ತಾರೆ. ಆವತ್ತು ಮಗೂನ ನಮ್ಮ ಮಡಿಲಿಗೆ ಹಾಕಿ, ಎಲೆ ಅಡಿಕೆ ಇಟ್ಟು ಸೀರೆ ಕೊಡ್ತಾರೆ. ಸೀರೆ ಎಂಥದ್ದು ಅನ್ನೋದು ಲೆಕ್ಕ ಅಲ್ಲ. ಕೊನೇ ನೀರು ಹಾಕದೆ ನಾನು ಯಾವ ಮಗೂನೂ ಬಿಟ್ಟಿರಲಿಲ್ಲ. ಅದು ನನಗೆ ಮುಖ್ಯ.

ಶ್ರುತಿ ಹುಟ್ಟಿದಾಗ ನೀರು ಹಾಕಿದ್ದೂ ನಾನೇ. ಕಪ್ಪು ಮಗು. ದುಂಡಗೆ, ಗಟ್ಟಿಯಾಗಿ, ಗುಂಡು ಕಲ್ಲಿನ ಥರ ಇತ್ತು. ಒಂದು ದಿನ ಸಾವಿತ್ರಮ್ಮೋರು ಬಚ್ಚಲ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು:

"ನಂಜಮ್ಮ, ಸ್ವಲ್ಪ ಬಣ್ಣ ಬರೋ ಹಾಗೆ ಏನಾದ್ರೂ ಹಚ್ತೀರಾ?"

"ಬಣ್ಣ ಬೇಕಾದ್ರೆ ಗೋಡೆಗೆ ಹೊಡ್ಸಿ ಸಾವಿತ್ರಮ್ಮೋರೆ. ಇದು ಮಗು" ಅಂದೆ.

ಅವರು ಮೊದಲು ಮುಖ ಗಂಟು ಹಾಕಿದರು, ಆಮೇಲೆ ನಕ್ಕುಬಿಟ್ಟರು. ಆ ಮಾತನ್ನ ನೆಂಟರಿಗೆಲ್ಲ ಹೇಳ್ಕೊಂಡು ನಕ್ಕರು. ಶ್ರುತಿ ಅದನ್ನ ಕೇಳ್ಕೊಂಡೇ ಬೆಳೆದಳು. ಸ್ಕೂಲಲ್ಲಿ ಯಾರಾದರೂ ಕರಿ ಅಂದರೆ "ನಮ್ಮನೆ ನೀರು ಹಾಕೋ ಅಜ್ಜಿ ನಿಂಗೆ ಸುಣ್ಣ ಹೊಡೀತಾಳೆ ನೋಡು" ಅಂತಿದ್ದಳಂತೆ. ಓದಿ, ಬ್ಯಾಂಕಲ್ಲಿ ಕೆಲಸ ಹಿಡಿದು, ಮದುವೆ ಆಗಿ, ಮೊದಲನೇ ಬಾಣಂತನಕ್ಕೆ ತಾಯಿಮನೆಗೆ ಬಂದಾಗ, "ಬೇರೆ ಯಾರೂ ಬೇಡ, ಆ ಅಜ್ಜೀನೇ ಕರ್ಸಿ" ಅಂದಳು. ಆಗ ನನಗೆ ಮಂಡಿ ಶುರುವಾಗಿತ್ತು. ಆದ್ರೂ ಹೋದೆ.

ಅವಳ ಮಗಳೂ ಅವಳ ಹಾಗೇ. ಅದೇ ಬಣ್ಣ, ಅದೇ ಗಟ್ಟಿ ಮೈ. ಕಾಲ ಮೇಲೆ ಮಲಗಿಸಿದರೆ ನಿದ್ದೆ ಮಾಡ್ಕೊಂಡೇ ನೀರು ಹಾಕಿಸ್ಕೊಳ್ಳೋದು.

ಅದು ಆಷಾಢ. ನಮ್ಮ ಮನೆ ಶೀಟು ಗಾಳಿಗೆ ಪಟಪಟ ಅಂತ ಬಡ್ಕೊಳ್ತಿತ್ತು. ಆ ಗಾಳಿ ಜೊತೇಲೇ ನನ್ನ ಮಗಳು ವನಜನ ಕೆಲಸವೂ ಹೋಯ್ತು. ಗಂಡನ್ನ ಬಿಟ್ಟು ಬಂದು ಬಹಳ ವರ್ಷದಿಂದ ನನ್ನ ಜೊತೇಲೇ ಇದ್ದಾಳೆ. ವಿಜಯನಗರದ ಕಡೆ ಒಂದು ಫ್ಲೆಕ್ಸ್ ಅಂಗಡೀಲಿ ಕಂಪ್ಯೂಟರ್ ಮುಂದೆ ಕೂತು ಡಿಸೈನ್ ಮಾಡ್ತಿದ್ದಳು. ಲಗ್ನಪತ್ರಿಕೆ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಏರಿಯಾ ಲೀಡರ್‌ಗಳ ಬ್ಯಾನರು. ಯಾರ ಫೋಟೋ ಬಂದರೂ ಮೊದಲು ಮುಖ ಬೆಳ್ಳಗೆ ಮಾಡಬೇಕು, ಅದು ಅಂಗಡಿ ಪದ್ಧತಿ. ಮಾಡದೇ ಹೋದರೆ ಗಿರಾಕಿ ಜಗಳಕ್ಕೆ ಬರ್ತಿದ್ದರು. ಸತ್ತು ಬೂದಿಯಾದ ಮುದುಕರನ್ನೂ ಅವಳು ಬೆಳ್ಳಗೆ ಮಾಡಿದ್ದಾಳೆ. ನಮ್ಮನೆಯವರು ಹೋದಾಗ ಅವಳೇ ಮಾಡಿಕೊಟ್ಟ ಫೋಟೋಲಿ ಅವರ ಗುರುತೇ ನನಗೆ ಹತ್ತಲಿಲ್ಲ. "ಇದ್ಯಾರೇ ಈ ಸೇಟು?" ಅಂದಿದ್ದೆ.

ಅಂಗಡಿಯವನು ಬಾಗಿಲು ಮುಚ್ಚಿದ ಮೇಲೆ ಅವಳು ಸ್ವಲ್ಪ ದಿನ ಹೊದ್ಕೊಂಡು ಮಲಗಿದ್ದಳು. ಆಮೇಲೆ ಒಂದು ದಿನ ಎದ್ದು, "ಅಮ್ಮ, ನಿನ್ನ ಕೆಲಸಾನೇ ವಿಡಿಯೋ ಮಾಡಿ ಹಾಕೋಣ. ಎಲ್ಲಾರೂ ಫೋನಲ್ಲೇ ನೋಡಿ ಕಲಿಯೋದು ಈಗ" ಅಂದಳು.

"ನೋಡ್ಕೊಂಡು ಮಗು ಕೈಜಾರಿ ಬಿಟ್ರೆ?"

"ನೀನು ಸರಿಯಾಗಿ ಹೇಳಿಕೊಡು. ಬಿಡಲ್ಲ."

ಮೊದಲು ಒಂದು ಪ್ಲಾಸ್ಟಿಕ್ ಗೊಂಬೆ ತಂದು ನನ್ನ ಕಾಲ ಮೇಲೆ ಹಾಕಿದಳು. ಗೊಂಬೆಗೆ ಎಣ್ಣೆ ಒತ್ತಿದೆ. ನನ್ನ ಮಾನ ಹೋಯ್ತು. ಅದಕ್ಕೆ "ಮಗುವಿಗೆ ನೀರು ಹಾಕುವ ವಿಧಾನ" ಅಂತ ಹೆಸರಿಟ್ಟು ಹಾಕಿದಳು. ನೆಟ್ಟಗೆ ಇರೋ ಹೆಸರು. ಯಾರೂ ನೋಡಲಿಲ್ಲ. ಅವಳು ನೋಡಿದಳು, ಪಕ್ಕದ ಮನೆಯವರಿಗೆ ತೋರಿಸಿದಳು, ಅಲ್ಲಿಗೆ ಮುಗೀತು. ಇನ್ನೊಂದು ಮಾಡಿದಳು, ಅದೂ ಹಾಗೇ. ಮಳೆ ಹುಯ್ಯೋದು, ಇವಳು ಕಿಟಕಿ ಹತ್ರ ಕೂತು ಫೋನ್ ನೋಡೋದು, ನಿಟ್ಟುಸಿರು ಬಿಡೋದು.

"ಬಿಡೇ ಅತ್ಲಾಗೆ. ಬೇರೆ ಅಂಗಡಿ ನೋಡು" ಅಂದೆ.

"ಮಾಡಿದ್ದು ಚೆನ್ನಾಗೇ ಇದೆ ಅಮ್ಮ. ಹುಡುಕಿದೋರಿಗೆ ಸಿಗ್ತಿಲ್ಲ. ಹೆಸರು ಸರಿ ಇಲ್ಲ."

ಅದಕ್ಕೂ ಒಂದು ಪಾಠ ಇದೆಯಂತೆ. ಅದನ್ನ ಹೇಳಿಕೊಡೋ ವಿಡಿಯೋಗಳನ್ನ ದಿನಗಟ್ಟಲೆ ನೋಡಿದಳು. ಒಂದು ದಿನ ನನ್ನನ್ನ ಪಕ್ಕ ಕೂರಿಸಿಕೊಂಡು, ಫೋನಲ್ಲಿ ಹುಡುಕೋ ಜಾಗದಲ್ಲಿ "ಮಗು" ಅಂತ ಬರೆದಳು. ಅಷ್ಟೇ ಬರೆದಿದ್ದು. ಅದರ ಕೆಳಗೆ ತಾನಾಗೇ ಸಾಲು ಸಾಲು ಬಂತು. ನನಗೆ ಅಕ್ಷರ ಕೂಡಿಸಿ ಓದೋಕೆ ಬರುತ್ತೆ, ಆದ್ರೆ ನಿಧಾನ. ಅವಳೇ ಓದಿದಳು. ಮಗು ಬೆಳ್ಳಗಾಗಲು ಏನು ಮಾಡಬೇಕು. ಮಗು ದಪ್ಪ ಆಗಲು. ಮಗು ಅಳು ನಿಲ್ಲಿಸಲು.

"ಇದನ್ನೆಲ್ಲ ಯಾರು ಬರೆದಿದ್ದು?"

"ಜನ. ಜನ ಜಾಸ್ತಿ ಏನು ಕೇಳ್ತಾರೋ ಅದನ್ನೇ ಅದು ಮೊದಲು ತೋರ್ಸುತ್ತೆ. ನೋಡು, ಮೊದಲನೇದೇ ಯಾವುದಿದೆ."

ನನಗೇನೂ ಆಶ್ಚರ್ಯ ಆಗಲಿಲ್ಲ. ಬಚ್ಚಲ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳ್ತಿದ್ದೋರು ಈಗ ಫೋನನ್ನ ಕೇಳ್ತಿದ್ದಾರೆ. ನಾನಾದ್ರೆ ಬೈತಿದ್ದೆ. ಫೋನು ಬೈಯಲ್ಲ, ಬನ್ನಿ ಅನ್ನುತ್ತೆ.

ಶ್ರಾವಣ ಬಂತು. ಗೊಂಬೆ ಬೇಡ, ನಿಜವಾದ ಮಗುವೇ ಬೇಕು ಅಂದಳು ವನಜ. ನಾನು ಶ್ರುತೀನ ಕೇಳಿದೆ. ಹೆಸರಿಡೋ ಮುಂಚೆ ಮಗೂನ ಯಾರಿಗೂ ತೋರಿಸಬಾರದು ಅಂತ ಸಾವಿತ್ರಮ್ಮೋರು ತಡೆ ಹಾಕಿದ್ದರು, ಅಷ್ಟು ಹೊತ್ತಿಗೆ ಹೆಸರಿಟ್ಟಿದ್ದೂ ಆಗಿತ್ತು. ಶ್ರುತಿ ಹಿಂದೆ ಮುಂದೆ ನೋಡಲಿಲ್ಲ.

"ನೀವು ಹೇಳಿಕೊಡೋದನ್ನ ನಾಲ್ಕು ಜನ ನೋಡ್ಲಿ ಅಜ್ಜಿ. ಎಲ್ಲರಿಗೂ ನಿಮ್ಮಂಥೋರು ಸಿಗ್ತಾರಾ? ವನಜಕ್ಕ, ನನ್ನ ಮಗಳು ಚೆನ್ನಾಗಿ ಕಾಣ್ಬೇಕು ಆಯ್ತಾ?" ಅಂತ ನಕ್ಕಳು.

ಚೆನ್ನಾಗಿ ಕಾಣಬೇಕು. ತಾಯಿ ಬಾಯಿಂದ ಬಂದ ಆ ಮಾತನ್ನ ವನಜ ಹೇಗೆ ತಗೊಂಡಳೋ.

ಆವತ್ತು ಸ್ವಲ್ಪ ಬಿಸಿಲಿತ್ತು. ನೀರು ಹಾಕೋವಾಗ ವನಜ ಫೋನ್ ಹಿಡ್ಕೊಂಡು ಹಿಂದಿನಿಂದ ಮೆಲ್ಲಗೆ, "ಅಮ್ಮ, ಒಂದ್ಸಲ ಬೆಳ್ಳಗೆ ಅನ್ನೋ ಮಾತು ಬಾಯಲ್ಲಿ ಬರ್ಲಿ. ಹುಡುಕಿದೋರಿಗೆ ತೋರ್ಸೋಕೆ ಫೋನು ನಾವು ಆಡೋ ಮಾತನ್ನೂ ಕೇಳಿಸಿಕೊಳ್ಳುತ್ತೆ" ಅಂದಳು. ನನಗೆ ರೇಗಿತು. ಕಡಲೆಹಿಟ್ಟು ಹಚ್ಚುತ್ತಾ, "ಇದು ಬೆಳ್ಳಗೆ ಮಾಡೋಕಲ್ಲ ಕಣ್ರಮ್ಮಾ, ಎಣ್ಣೆ ಜಿಡ್ಡು ಹೋಗ್ಲಿ ಅಂತ. ಬೆಳ್ಳಗೆ ಗಿಳ್ಳಗೆ ಏನಿಲ್ಲ. ತಿಕ್ಕಬೇಡಿ, ಸುಮ್ನೆ ಸವರಿ" ಅಂದೆ. ಶ್ರುತಿ ಅಲ್ಲೇ ನಿಂತಿದ್ದಳು, ಜೋರಾಗಿ ನಕ್ಕಳು. ಆ ನಗುವೂ ವಿಡಿಯೋಲಿ ಇತ್ತು ಅಂತ ಕಾಣುತ್ತೆ, ಆಮೇಲೆ ವನಜ ಕತ್ತರಿಸಿದ್ದಳು. ನನ್ನ ಮಾತನ್ನ ಕತ್ತರಿಸಿರಲಿಲ್ಲ. ಅದು ಹಾಗೇ ಇತ್ತು. ನಾನು ಇಲ್ಲ ಅಂದಿದ್ದೂ ಇತ್ತು.

ಅದಾಗಿ ಸ್ವಲ್ಪ ದಿನಕ್ಕೆ ಹೂವಿನ ರತ್ನ ಬಸ್‌ಸ್ಟಾಪಲ್ಲಿ ನನ್ನನ್ನ ತಡೆದಳು. ನನ್ನ ವಯಸ್ಸಿನೋಳೇ, ಬಾಯಿ ಜಾಸ್ತಿ.

"ಏನೇ ನಂಜೀ, ಏಳು ದಿನಕ್ಕೆ ಬೆಳ್ಳಗೆ ಮಾಡ್ತೀಯಂತೆ? ಇಷ್ಟು ವರ್ಷ ನಿನ್ನ ಮುಖಕ್ಕೆ ಯಾಕೆ ಹಚ್ಕೊಳ್ಳಲಿಲ್ಲ?"

"ಏನು ಬೊಗಳ್ತೀಯಾ?"

"ನಾನ್ಯಾಕೆ ಬೊಗಳಲಿ, ನನ್ನ ಸೊಸೆ ಫೋನಲ್ಲಿ ನೀನೇ ಬೊಗಳ್ತಿದ್ದೀಯಾ. ಬೇಕಾದಷ್ಟು ಜನ ನೋಡವ್ರೆ. ನಮ್ಮಂಥೋರ ಜೊತೆ ಮಾತಾಡ್ತೀಯೋ ಇಲ್ವೋ ಇನ್ಮೇಲೆ!"

ಮನೆಗೆ ಬಂದೆ. ವನಜ ಸ್ಟವ್ ಮುಂದೆ ನಿಂತು ಹಾಡು ಗುನುಗ್ತಾ ಚಿತ್ರಾನ್ನ ಕಲಸ್ತಿದ್ದಳು. ಎಷ್ಟೋ ವರ್ಷ ಆಗಿತ್ತು ಅವಳು ಹಾಡಿದ್ದು ಕೇಳಿ.

"ಏನಂತ ಹೆಸರಿಟ್ಟೆ ಅದಕ್ಕೆ?"

ಅವಳು ತಿರುಗಲಿಲ್ಲ. "ಏಳೇ ದಿನದಲ್ಲಿ ಮಗು ಬೆಳ್ಳಗೆ, ಅಜ್ಜಿಯ ಗುಟ್ಟು, ಅಂತ."

"ಸುಳ್ಳಲ್ವಾ ಅದು?"

"ಹೆಸರು ಅಷ್ಟೇ ಅಮ್ಮ. ಒಳಗೆ ನೀನು ಇಲ್ಲ ಅಂದಿರೋದು ಹಾಗೇ ಇದೆ ನೋಡು. ಹುಡುಕೋ ಮಾತೇ ಹೆಸರಲ್ಲಿ ಮೊದಲು ಬರಬೇಕು. ಅದನ್ನ ನೋಡಿ ಒಳಗೆ ಬರ್ತಾರೆ, ಬಂದ ಮೇಲೆ ನಿನ್ನ ಮಾತು ಕೇಳಿ ಬುದ್ಧಿ ಕಲೀತಾರೆ. ಒಳ್ಳೇದೇ ಅಲ್ವಾ?"

"ಬುದ್ಧಿ ಬೇಕು ಅಂತ ಯಾರಾದ್ರೂ ಹುಡುಕ್ತಾರಾ?"

"ಅದಕ್ಕೇ ಮತ್ತೆ ಆ ಹೆಸರು ಇಟ್ಟಿದ್ದು!"

ಅವಳ ಜೊತೆ ವಾದ ಮಾಡಿ ಗೆಲ್ಲೋಕಾಗಲ್ಲ. ವಿಡಿಯೋ ಕೆಳಗೆ ಏನೇನೋ ಬರೆದಿದ್ದಳು. ನಮ್ಮ ಏರಿಯಾ, ಅಂಗಡಿ ಬೀದಿ, ಫೋನ್ ನಂಬರು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಉಲ್ಲಾಳ, ಕೆಂಗೇರಿ, ಎಲ್ಲಾ ಹೆಸರೂ ಹಾಕಿದ್ದಳು. ಕೆಂಗೇರೀಲಿ ನಾನು ಒಂದು ಮಗೂಗೂ ನೀರು ಹಾಕಿದೋಳಲ್ಲ. ಅಲ್ಲಿಯವರು ಹುಡುಕಿದರೂ ಸಿಗಲಿ ಅಂತ ಹಾಕಿದ್ದಂತೆ. ಊರೆಲ್ಲಾ ಬಲೆ ಬೀಸಿದ ಹಾಗೆ.

ಬಲೆಗೆ ಮೊದಲು ಬಿದ್ದೋಳು ರೇಣುಕಾ ಅನ್ನೋ ಹುಡುಗಿ. ಕೊಪ್ಪಳದ ಕಡೆಯವಳು. ಗಂಡ ಗಾಡೀಲಿ ಊಟ ಹಂಚೋ ಕೆಲಸ, ಉಲ್ಲಾಳದಲ್ಲಿ ಒಂದು ರೂಮು. ಜಿಟಿಜಿಟಿ ಮಳೇಲಿ ಬಸ್ ಹತ್ತಿ, ಇಳಿದು, ದಾರಿ ಕೇಳ್ಕೊಂಡು ಬಂದಿದ್ದಳು. ಸೆರಗಿನೊಳಗೆ ಕೂಸು.

"ಅಜ್ಜಿ, ವಿಡಿಯೋದಾಗ ಇರೋರು ನೀವ ಅಲ್ರಿ? ಭಾಳ ಹುಡುಕ್ಯಾಡಿ ಬಂದೇನ್ರಿ. ನನ್ನ ಮಗಳು ಜರಾ ಕಪ್ಪ ಅದಾಳ್ರಿ. ನಮ್ಮತ್ತಿ ದಿನಾ ಅಂತಾರ್ರಿ, ಈಕಿನ ಯಾರು ಮಾಡ್ಕೋತಾರ ಅಂತ."

"ಹಾಲು ಬಿಟ್ಟಿಲ್ಲ ಇನ್ನೂ, ಆಗಲೇ ಮದುವೆ ಚಿಂತೆನಾ ನಿಮ್ಮತ್ತೆಗೆ? ಎಲ್ಲಿ, ತೋರ್ಸು" ಅಂದೆ.

ಸೆರಗು ತೆಗೆದಳು. ಮಗೂನ ಕೆನ್ನೆ, ಎದೆ, ತೊಡೆ ಎಲ್ಲಾ ಕೆಂಪಗೆ ಕಿತ್ತು ಹೋಗಿತ್ತು. ಅಲ್ಲಲ್ಲಿ ಒಣಗಿ ಪಕ್ಕು ಕಟ್ಟಿತ್ತು. ನಾನು ಬೆರಳು ಇಡೋ ಮುಂಚೇನೇ ಮಗು ಕಿರುಚಿಕೊಂಡಿತು. ಯಾವ ಕೈ ಬಂದರೂ ನೋವು ಅಂತ ಕಲಿತುಬಿಟ್ಟಿತ್ತು ಅದು.

"ಏನ್ ಮಾಡಿದ್ಯೇ ಇದನ್ನ?"

"ಕಡ್ಲಿಹಿಟ್ಟು ಹಚ್ಚೇನ್ರಿ, ನೀವು ಹೇಳಿದಂಗ. ಏಳು ದಿನ ಆದ್ರೂ ಬೆಳ್ಳಗ ಆಗ್ಲಿಲ್ರಿ. ನಾನ ಸರಿ ತಿಕ್ಕಿಲ್ಲೇನೋ ಅಂತ ಮತ್ತ ಜೋರ್ ತಿಕ್ಕೀನ್ರಿ."

"ತಿಕ್ಕಬೇಡಿ ಅಂತಾನೇ ಅಲ್ವಾ ನಾನು ಹೇಳಿದ್ದು! ಬೆಳ್ಳಗೆ ಆಗಲ್ಲ ಅಂತಾನೂ ಹೇಳಿದ್ದೀನಿ!"

ಅವಳು ನನ್ನ ಮುಖಾನೇ ನೋಡಿದಳು. "ಮ್ಯಾಲ ಬರ್ದೀರಲ್ರಿ, ಆಗತದ ಅಂತ."

ಕೊಬ್ಬರಿ ಎಣ್ಣೆ ಸವರಿ, ಡಾಕ್ಟರ್ ಹತ್ರ ತೋರಿಸು, ಹಿಟ್ಟು ಗಿಟ್ಟು ಏನೂ ಮುಟ್ಟಿಸಬೇಡ ಅಂದೆ. ಬಣ್ಣ ಅನ್ನೋದು ಹೋಗಲ್ಲ, ಹೋಗಬೇಕಾಗೂ ಇಲ್ಲ ಅಂತ ಎಷ್ಟು ಹೇಳಿದರೂ ಅವಳು ಎದ್ದು ಹೋಗಲಿಲ್ಲ. ಕೊನೆಗೆ ಬಾಗಿಲ ಹತ್ರ ನಿಂತು ದನಿ ಇಳಿಸಿ ಅಂದಳು:

"ಅಜ್ಜಿ, ರೊಕ್ಕ ಕೊಡ್ತೇನ್ರಿ. ಆ ಗುಟ್ಟು ನನಗಷ್ಟ ಹೇಳ್ರಿ. ಯಾರ ಮುಂದೂ ಹೇಳಂಗಿಲ್ಲ."

ನಾನು ಬಚ್ಚಿಡ್ತಿದ್ದೀನಿ ಅಂತ ಅಂದುಕೊಂಡಿದ್ದಳು. ನಿಜ ಹೇಳಿದರೆ ಬಚ್ಚಿಟ್ಟ ಹಾಗೆ ಕಾಣೋ ಗತಿ ಬಂತಲ್ಲ ಅನ್ನಿಸಿತು. ಮಳೆ ನಿಂತಿರಲಿಲ್ಲ. ಆ ಮಗೂನ ಸೆರಗಲ್ಲಿ ಸುತ್ತಿಕೊಂಡು ಬಸ್‌ಸ್ಟಾಪಿನ ಕಡೆ ಹೋದಳು. ಆ ಮಗು ಆಮೇಲೆ ಏನಾಯ್ತೋ ನನಗೆ ಗೊತ್ತಿಲ್ಲ.

ವನಜ ಒಳಗೇ ಇದ್ದಳು, ಎಲ್ಲಾ ಕೇಳಿಸಿಕೊಂಡಿದ್ದಳು.

"ತೆಗಿ ಅದನ್ನ" ಅಂದೆ.

"ತೆಗೀತೀನಿ. ಗೌರಿ ಹಬ್ಬ ಆಗ್ಲಿ. ಈಗ ತಾನೇ ಮೇಲೆ ಬಂದಿದೆ ಅಮ್ಮ. ಹುಡುಕಿದ್ರೆ ನಮ್ದೇ ಮೊದಲು ಬರೋದು. ಅಂಗಡೀಲಿ ಅಷ್ಟು ವರ್ಷ ಕೆಲಸ ಮಾಡಿದೆ, ಒಂದು ಫ್ಲೆಕ್ಸಲ್ಲೂ ನನ್ನ ಹೆಸರಿರಲಿಲ್ಲ. ಇದೊಂದಾದ್ರೂ ಸ್ವಲ್ಪ ದಿನ ಇರ್ಲಿ."

"ಆ ಮಗು ಮೈ ನೋಡಿದ್ಯಾ?"

"ಅವಳು ಪೂರ್ತಿ ನೋಡಿದ್ರೆ ಹಾಗೆ ಮಾಡ್ತಿರಲಿಲ್ಲ."

ಅಷ್ಟೇ ಅವಳ ಮಾತು. ಅವಳ ಫೋನನ್ನ ಕಿತ್ತು ನೀರಿನ ಹಂಡೆಗೆ ಹಾಕಬಹುದಿತ್ತು. ಹಾಕಿದರೆ ವಿಡಿಯೋ ಹೋಗಲ್ಲ, ಫೋನು ಹೋಗುತ್ತೆ ಅಂತ ಆಮೇಲೆ ಗೊತ್ತಾಯ್ತು.

ಶ್ರುತಿ ಮಗಳಿಗೆ ಕೊನೇ ನೀರು ಅಂತ ಗೌರಿ ಹಬ್ಬದ ಹಿಂದಿನ ದಿನ ಗೊತ್ತು ಮಾಡಿದ್ದರು. ಮಗು ಕತ್ತು ನಿಲ್ಲಿಸಿ, ಬೋರಲು ಬೀಳ್ತಿತ್ತು. ನನ್ನ ದನಿ ಕೇಳಿದರೆ ತಲೆ ತಿರುಗಿಸಿ ಹುಡುಕೋದು. ಆವತ್ತು ಬೆಳಿಗ್ಗೆ ನಾನು ಒಗೆದ ಸೀರೆ ಉಟ್ಟು, ಬೇವಿನ ಸೊಪ್ಪು ತಗೊಂಡು ಹೋದೆ. ರಸ್ತೇಲೆಲ್ಲಾ ಗೌರಿ, ಗಣೇಶ, ಬಾಗಿನದ ಮೊರ. ಮೆಟ್ಟಿಲು ಹತ್ತಿದರೆ ಹಂಡೆ ಕಾಯಿಸಿದ ವಾಸನೆ ಇಲ್ಲ. ಸಾವಿತ್ರಮ್ಮೋರು ಸೋಫಾ ಮೇಲೆ ಕೂತಿದ್ದರು, ಬನ್ನಿ ಅನ್ನಲಿಲ್ಲ. ಶ್ರುತಿ ಮಗೂನ ಹೆಗಲ ಮೇಲೆ ಹಾಕ್ಕೊಂಡು ಹೊರಗೆ ಬಂದಳು. ಕಣ್ಣು ಊದಿತ್ತು. ಅತ್ತಿದ್ದು ಮುಗಿದು ಈಗ ಗಟ್ಟಿಯಾಗಿದ್ದಳು.

"ಅಜ್ಜಿ, ಇದನ್ನ ನೋಡಿದೀರಾ?" ಅಂತ ಫೋನ್ ನನ್ನ ಮುಖದ ಹತ್ರ ಹಿಡಿದಳು.

ವಿಡಿಯೋ ನಾನು ನೋಡಿದ್ದೆ. ಅದನ್ನ ಒತ್ತೋ ಮುಂಚೆ ಮೇಲೆ ಒಂದು ಚಿತ್ರ ಇರುತ್ತಲ್ಲ, ಅಂಗಡಿ ಬೋರ್ಡಿನ ಥರ, ಅದನ್ನ ನಾನು ಸರಿಯಾಗಿ ನೋಡಿರಲಿಲ್ಲ. ವನಜನ ಫೋನಲ್ಲಿ ಅದು ಬೆರಳ ಉಗುರಿನಷ್ಟು ಕಾಣ್ತಿತ್ತು. ಶ್ರುತಿ ಅದನ್ನ ದೊಡ್ಡದು ಮಾಡಿದ್ದಳು.

ಎಡಗಡೆ ಅವಳ ಮಗಳು. ನೀರು ಹಾಕಿ ಒರೆಸಿ, ನಾನೇ ಕೆನ್ನೆಗೆ ದೃಷ್ಟಿ ಬೊಟ್ಟಿಟ್ಟ ಮುಖ. ಆ ಮುಖದ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಇಂಟು ಗುರುತು. ಮಧ್ಯೆ ಹಳದಿ ಬಾಣ. ಬಲಗಡೆ ಅದೇ ಮುಖ, ಹಾಲಲ್ಲಿ ಅದ್ದಿ ತೆಗೆದ ಹಾಗೆ. ಅದರ ಮೇಲೆ ಹಸಿರು ಟಿಕ್ಕು. ಬಲಗಡೆ ಮಗುವಿನ ಕೆನ್ನೇಲಿ ಬೊಟ್ಟು ಇರಲಿಲ್ಲ. ಬೆಳ್ಳಗೆ ಮಾಡೋ ಭರದಲ್ಲಿ ನಾನಿಟ್ಟ ಬೊಟ್ಟನ್ನೂ ವನಜ ಅಳಿಸಿಬಿಟ್ಟಿದ್ದಳು.

"ನಮ್ಮ ನಾದಿನಿ ಫ್ಯಾಮಿಲಿ ಗ್ರೂಪಿಗೆ ಹಾಕಿದಾರೆ" ಅಂದಳು ಶ್ರುತಿ. "ಏಳು ದಿನ ಆಯ್ತಾ ಅಂತ ಕೇಳಿದಾರೆ. ಎಲ್ಲಾರೂ ನಗ್ತಾ ಇದಾರೆ. ಎಡಗಡೆ ಇರೋದು ನನ್ನ ಮಗಳು ಅಜ್ಜಿ. ಬಲಗಡೆ ಇರೋದು ಯಾರು?"

"ನಾನಲ್ಲ ಮಾಡಿದ್ದು ಪುಟ್ಟಿ. ವನಜ—"

"ನಿಮ್ಮ ಮುಖ ಇದೆ ಕೆಳಗೆ. ನಿಮ್ಮ ಗುಟ್ಟು ಅಂತ ಇದೆ."

"ನಾನು ಅದರಲ್ಲಿ ಹಾಗೆ ಹೇಳಿಲ್ಲ. ನೀನೇ ಇದ್ದೆ ಅಲ್ಲಿ, ನಕ್ಕಿದ್ದೆ."

"ನಕ್ಕಿದ್ದು ನಂಬಿದ್ದಕ್ಕೆ. ಗೋಡೆಗೆ ಬಣ್ಣ ಹೊಡ್ಸಿ ಅಂದೋರು ನೀವು ಅಂತ ಅಮ್ಮ ಹೇಳ್ತಿದ್ರು. ಅದೊಂದು ಮಾತು ಇಟ್ಕೊಂಡು ನಾನು ದೊಡ್ಡೋಳಾಗಿದ್ದು. ಅದಕ್ಕೇ ನಿಮ್ಮನ್ನೇ ಕರ್ಸಿದ್ದು. ಇವಳಿಗೆ ನಾನು ಏನು ಹೇಳ್ಲಿ? ದೊಡ್ಡೋಳಾಗಿ ತನ್ನ ಫೋಟೋ ಮೇಲೆ ಇಂಟು ನೋಡಿದ್ರೆ?"

ಮಗು ನನ್ನ ದನಿ ಕೇಳಿ ಅವಳ ಹೆಗಲ ಮೇಲೆ ತಲೆ ಎತ್ತಿ ತಿರುಗಿ ನೋಡಿತು. ಕೈ ಚಾಚಿತು. ನಾನೂ ಅರ್ಧ ಚಾಚಿದೆ. ಶ್ರುತಿ ತಿರುಗಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಾವಿತ್ರಮ್ಮೋರು ಎದ್ದರು. ಒಳಗಿಂದ ಒಂದು ಕವರ್ ತಂದರು. ಸೀರೆ. ಎಲೆ ಅಡಿಕೆ ಇರಲಿಲ್ಲ. "ತಗೊಂಡು ಹೋಗಿ ನಂಜಮ್ಮ. ನೀವು ಮಾಡಿದ ಕೆಲಸಕ್ಕೆ" ಅಂದರು.

"ಕೊನೇ ನೀರು ಹಾಕದೆ ಹೇಗೆ ತಗೊಳ್ಲಿ?"

"ಡಾಕ್ಟ್ರು ಹೇಳಿದಾರೆ, ಇನ್ಮೇಲೆ ನಾವೇ ಹಾಕ್ಕೋತೀವಿ."

ಸೀರೆ ಅಲ್ಲೇ ಬಿಟ್ಟೆ. ಬೇವಿನ ಸೊಪ್ಪನ್ನೂ ಅಲ್ಲೇ ಚಪ್ಪಲಿ ಹತ್ರ ಬಿಟ್ಟು ಬಂದೆ.

ಮನೆಗೆ ಬಂದು ವನಜನ ಮೇಲೆ ಕೈ ಎತ್ತಿದೆ. ನಲವತ್ತರ ಮೇಲಿನ ಹೆಂಗಸು, ಹೊಡೆಸಿಕೊಳ್ಳೋ ವಯಸ್ಸಲ್ಲ. ಅವಳು ಕೈ ಹಿಡ್ಕೊಂಡಳು.

"ಏನ್ ಮಾಡಿದೆ ಅಂತ ನಂಗೆ ಗೊತ್ತೇ ಆಗ್ತಿಲ್ಲ ಅಮ್ಮ! ಚೆನ್ನಾಗಿ ಕಾಣ್ಬೇಕು ಅಂದಿದ್ದು ಅವಳೇ. ಅಂಗಡೀಲಿ ದಿನಾ ಮಾಡ್ತಿದ್ದಿದ್ದೇ ಮಾಡಿದೀನಿ. ಬೆಳ್ಳಗೆ ಮಾಡಿಕೊಟ್ಟೋಳಿಗೆ ಯಾರೂ ಇವತ್ತಿನವರೆಗೂ ಬೈದಿಲ್ಲ!"

ಅವಳು ಸುಳ್ಳು ಹೇಳ್ತಿರಲಿಲ್ಲ. ಆ ಕೈಗೆ ಅದು ಬಿಟ್ಟು ಬೇರೆ ಗೊತ್ತೇ ಇರಲಿಲ್ಲ. ಒಳ್ಳೇದು ಮಾಡ್ತಿದ್ದೀನಿ ಅಂದುಕೊಂಡೇ ಆ ಬೊಟ್ಟು ಅಳಿಸಿದ್ದಳು. ಅದೇ ನನಗೆ ಜಾಸ್ತಿ ಉರಿ. ಬೇಕಂತ ಮಾಡಿದ್ದಿದ್ದರೆ ಬೈದು ಮುಗಿಸಬಹುದಿತ್ತು.

ವಿಡಿಯೋನ ಆವತ್ತೇ ತೆಗೆದುಹಾಕಿದಳು. ನನ್ನ ಕಣ್ಣೆದುರಿಗೇ ತೆಗೆದಳು. ಆಮೇಲೆ ಹುಡುಕಿ ನೋಡಿದರೆ ಅದು ಅಲ್ಲೇ ಇತ್ತು. ಯಾರೋ ಬೇರೆಯವರು ಎತ್ತಿ ತಮ್ಮ ಹೆಸರಲ್ಲಿ ಹಾಕ್ಕೊಂಡಿದ್ದರು. ಏಳು ದಿನವನ್ನ ಮೂರು ದಿನ ಮಾಡಿದ್ದರು. ಇನ್ನೊಬ್ಬ ಅದಕ್ಕೆ ಹಾಡು ಹಾಕಿದ್ದ. ವನಜ ದೂರು ಬರೆದಳು. ಒಂದು ಹೋಯ್ತು, ಎರಡು ಬಂತು. ಆಮೇಲೆ ಅವಳೂ ಸುಸ್ತಾದಳು. ಹಬ್ಬ ಕಳೆದ ಮೇಲೆ ರಾಜಾಜಿನಗರದಲ್ಲಿ ಇನ್ನೊಂದು ಫ್ಲೆಕ್ಸ್ ಅಂಗಡಿಗೆ ಸೇರಿಕೊಂಡಳು. ಅಲ್ಲೂ ಮುಖ ಬೆಳ್ಳಗೆ ಮಾಡೋದೇ ಕೆಲಸ. ನಾವು ಆ ವಿಷಯ ಮಾತಾಡಲ್ಲ.

ನನ್ನನ್ನ ಆ ಮೇಲೆ ಕರೆದೋರು ಇದ್ದರು, ಇಲ್ಲ ಅಂತಲ್ಲ. ಫೋನ್ ಬರೋದು. "ಅಜ್ಜಿ, ಆ ಬೆಳ್ಳಗೆ ಮಾಡೋದು ನೀವೇ ತಾನೇ?" ಅಲ್ಲ ಅಂದರೆ ಇಟ್ಟುಬಿಡೋರು. ಬರೀ ನೀರು ಹಾಕೋಕೆ ಅಂತ ಯಾರೂ ಕರೀಲಿಲ್ಲ. ನನಗೂ ಸಾಕಾಗಿತ್ತು. ಮಣೆ ಎತ್ತಿಟ್ಟೆ.

ಎತ್ತಿಡೋ ಮುಂಚೆ ಒಂದು ಸಲ ವನಜನಿಗೆ ಹೇಳಿದೆ: "ಇನ್ನೊಂದು ವಿಡಿಯೋ ಮಾಡು. ಮಗು ಬೇಡ, ಗೊಂಬೇನೂ ಬೇಡ. ನಾನು ಮಾತಾಡ್ತೀನಿ, ನೀನು ಸುಮ್ನೆ ಹಿಡ್ಕೋ."

ಮಣೆ ಮೇಲೆ ಕೂತು ಬರೀ ಕಾಲು ನೀಡಿಕೊಂಡು ಹೇಳಿದೆ. ಮಗು ಹುಟ್ಟಿದ ಬಣ್ಣ ಮಗೂದು. ನೀರಿಗೆ ಕೊಳೆ ಹೋಗುತ್ತೆ, ಬಣ್ಣ ಹೋಗಲ್ಲ. ನನ್ನ ಹತ್ರ ಯಾವ ಗುಟ್ಟೂ ಇಲ್ಲ, ಹಿಂದೇನೂ ಇರಲಿಲ್ಲ. ಮಕ್ಕಳ ಮೈ ತಿಕ್ಕಬೇಡಿ, ಕಿತ್ತು ಬರುತ್ತೆ, ನಾನು ಕಣ್ಣಾರೆ ನೋಡಿದೀನಿ. ಅಷ್ಟೇ ಹೇಳಿದ್ದು.

"ಹೆಸರು ಏನಿಡ್ಲಿ?" ಅಂದಳು ವನಜ.

"ಹೇಳಿದ್ದೇ ಇಡು. ಮಗು ಬೆಳ್ಳಗಾಗಲ್ಲ ಅಂತ."

"ಯಾರೂ ಒತ್ತಲ್ಲ ಅಮ್ಮ ಅದನ್ನ. ಆಗಲ್ಲ ಅನ್ನೋದನ್ನ ಯಾರು ಹುಡುಕ್ತಾರೆ?"

"ಇಡು."

ಇಟ್ಟಳು. ಮೇಲಿನ ಚಿತ್ರಕ್ಕೆ ನನ್ನ ಮುಖ ಹಾಕಿದಳು, ಏನೂ ತಿದ್ದದೆ. ಒಂದು ಮುಖಾನ ಅವಳು ತಿದ್ದದೆ ಬಿಟ್ಟಿದ್ದು ಅದೊಂದೇ ಸಲ. ಅವಳು ಹೇಳಿದ ಹಾಗೇ ಆಯ್ತು, ಯಾರೂ ನೋಡಲಿಲ್ಲ. ಶ್ರುತಿಗೆ ಕಳಿಸು ಅಂದೆ, ಕಳಿಸಿದಳು. ಅವಳು ನಮ್ಮ ನಂಬರನ್ನೇ ತಡೆ ಹಿಡಿದಿದ್ದಳಂತೆ, ಹೋಗಲಿಲ್ಲ.

ಅತ್ತಿಗುಪ್ಪೆಯಿಂದ ಬಂದ ದಿನ ಮಧ್ಯಾಹ್ನ ಅದನ್ನ ಮತ್ತೆ ನೋಡಬೇಕು ಅನ್ನಿಸಿತು. ವನಜ ಹಳೇ ಫೋನ್ ನನಗೆ ಕೊಟ್ಟಿದ್ದಾಳೆ, ಎಲ್ಲಿ ಒತ್ತಬೇಕು ಅಂತ ತೋರಿಸಿದ್ದಾಳೆ. ಒತ್ತಿದೆ. ಮುದುಕಿ ಬಂದಳು, ಮಣೆ ಮೇಲೆ ಬರಿಗಾಲು ನೀಡಿಕೊಂಡು ಕೂತಳು, ಹೇಳಬೇಕಾದ್ದು ಹೇಳಿದಳು. ತಿಕ್ಕಬೇಡಿ ಅಂತ ಹೇಳಿ ಬಾಯಿ ಮುಚ್ಚಿದಳು. ನಾನು ಏನೂ ಮುಟ್ಟಲಿಲ್ಲ. ಒಂದು ಸುತ್ತು ಏನೋ ತಿರುಗಿತು, ಅದರ ಹಿಂದೇನೇ ತಾನಾಗಿ ಇನ್ನೊಂದು ಶುರುವಾಯ್ತು. ಯಾರದೋ ಹೆಸರು, ಯಾರದೋ ಹಾಡು. ಮೂರು ದಿನ ಅಂತ ಮೇಲೆ ಬರೆದಿತ್ತು. ಅದರಲ್ಲೂ ನಾನೇ. ಕಾಲ ಮೇಲೆ ಶ್ರುತಿ ಮಗಳು, ನಿದ್ದೆಗಣ್ಣು, ಕೆನ್ನೆ ತುಂಬ ಕಡಲೆಹಿಟ್ಟು. ಎಲ್ಲಿ ನಿಲ್ಲಿಸೋದು ಅಂತ ಗೊತ್ತಾಗದೆ ಫೋನ್ ಮಗುಚಿ ಹಾಸಿಗೆ ಮೇಲೆ ಇಟ್ಟೆ. ಅದರ ಕೆಳಗಿಂದ ನೀರು ಹುಯ್ಯೋ ಸದ್ದು ಬರ್ತಾನೇ ಇತ್ತು.